ನಾನು ಕತ್ತರಿಸಿ ಹಾಕಿದ 40 ಸೆಕೆಂಡು

ಜನರ ಮಾತಿನ ರೆಕಾರ್ಡಿಂಗ್ ಕೇಳಿ ಅಕ್ಷರಕ್ಕೆ ಇಳಿಸುವುದು ನನ್ನ ಕೆಲಸ. ಸೇರಿದ ಹೊಸದರಲ್ಲಿ ಒಂದು ತಪ್ಪು ಮಾಡಿದೆ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಒಬ್ಬ ಹೆಂಗಸಿನ ಸಂದರ್ಶನ ಅದು. ‘ಸಂಜೆ ಹೊತ್ತು ಮನೆಗೆ ಬರುತ್ತೇನೆ’ ಅಂತ ಆಕೆ ಬಹಳ ಜೋಪಾನವಾಗಿ ಉತ್ತರ ಹೇಳುತ್ತಿದ್ದರು. ನಡುವೆ ಮಗಳ ಫೋನ್ ಬಂತು. ದನಿಯೇ ಬದಲಾಯಿತು. ‘ಒಸಿ ತಡಿ ಕಣವ್ವ, ಒತ್ತಾಯ್ತು, ಆಮ್ಯಾಕೆ ಬತ್ತೀನಿ.’ ಹೊತ್ತು ಹೋಗಿ ಒತ್ತು, ಬರುತ್ತೇನೆ ಹೋಗಿ ಬತ್ತೀನಿ!

ಆ 40 ಸೆಕೆಂಡನ್ನು ಬೇಡದ ಮಾತು ಅಂತ ಕತ್ತರಿಸಿ ಹಾಕಿದೆ. ಉಳಿದ ಕಡೆ ಮಾತಿನ ಭರದಲ್ಲಿ ಬಿಟ್ಟುಹೋದ ಹಕಾರಗಳನ್ನೆಲ್ಲ ಸೇರಿಸಿದೆ. ಅದನ್ನು ಓದಿದ ನಮ್ಮ ಹಿರಿಯರೊಬ್ಬರು ಕೇಳಿದರು: ‘ಇದು ನಿನ್ನ ಕನ್ನಡ. ಅವರದ್ದೆಲ್ಲಿ?’

ಅಮೆರಿಕದ ಭಾಷಾವಿಜ್ಞಾನಿ ಲಬೋವ್ ವಿಷಯ ಹೇಳಿದ್ದೂ ಅವರೇ. 1962ರಲ್ಲಿ ವಿಲಿಯಂ ಲಬೋವ್ ನ್ಯೂಯಾರ್ಕಿನ ಮೂರು ದೊಡ್ಡ ಮಳಿಗೆಗಳಿಗೆ ಗಿರಾಕಿಯಂತೆ ಹೋಗಿ, ನಾಲ್ಕನೇ ಮಹಡಿಯಲ್ಲಿದ್ದ ಸಾಮಾನು ಎಲ್ಲಿದೆ ಅಂತ ಕೇಳುತ್ತಿದ್ದರು. ಕೆಲಸದವರು ‘ಫೋರ್ತ್ ಫ್ಲೋರ್’ ಅನ್ನುವಾಗ ‘ರ್’ ಕೇಳಿಸುತ್ತದಾ ಅನ್ನುವುದಷ್ಟೇ ಅವರಿಗೆ ಬೇಕಿತ್ತು. ಕೇಳಿಸಲಿಲ್ಲ ಅನ್ನುವಂತೆ ಇನ್ನೊಂದು ಸಲ ಹೇಳಿಸಿ, ಮರೆಗೆ ಹೋಗಿ ಬರೆದುಕೊಳ್ಳುತ್ತಿದ್ದರು. ದುಬಾರಿ ಮಳಿಗೆಯಲ್ಲಿ ‘ರ್’ ಜಾಸ್ತಿ, ಅಗ್ಗದ ಮಳಿಗೆಯಲ್ಲಿ ಕಡಿಮೆ. ಎರಡನೇ ಸಲ ಒತ್ತಿ ಹೇಳುವಾಗ ಇನ್ನಷ್ಟು ಜಾಸ್ತಿ. ಆದರೆ ಇದೇ ‘ರ್’ ಬಿಟ್ಟು ಮಾತಾಡುವುದು ಇಂಗ್ಲೆಂಡಿನಲ್ಲಿ ಪ್ರತಿಷ್ಠಿತರ ಮಾತಿನ ಗುರುತು! ಹಾಗಾದರೆ ಮೇಲು ಕೀಳು ಆ ಸದ್ದಿನಲ್ಲಿ ಎಲ್ಲಿದೆ? ನಮ್ಮ ಹಕಾರಕ್ಕೂ ಇದೇ ಮಾತು ಅಲ್ವಾ?

ಎರಡು ಭಾಷೆ ಬೆರೆಸಿ ಆಡಿದ ಮಾತನ್ನೂ ನಾನು ಹೀಗೇ ತಿದ್ದುತ್ತಿದ್ದೆ. ಮಹಾರಾಷ್ಟ್ರದ ಕುಪ್ವಾರ್ ಎಂಬ ಊರಿನ ಬಗ್ಗೆ 1971ರಲ್ಲಿ ಗಂಪರ್ಜ್ ಮತ್ತು ವಿಲ್ಸನ್ ಎಂಬ ಭಾಷಾ ಸಂಶೋಧಕರು ಬರೆದಿದ್ದಾರೆ. ಅಲ್ಲಿನ ಕನ್ನಡ, ಮರಾಠಿ, ಉರ್ದು ಮೂರರಲ್ಲೂ ವಾಕ್ಯದ ಕಟ್ಟು ಹೆಚ್ಚುಕಡಿಮೆ ಒಂದೇ ಆಗಿಬಿಟ್ಟಿತ್ತು, ಪದಗಳು ಮಾತ್ರ ಬೇರೆಬೇರೆ. ತಲೆತಲಾಂತರದಿಂದ ಅಕ್ಕಪಕ್ಕ ಬಾಳಿದವರ ಮಾತು ಅದು. ಅಂಥದ್ದಕ್ಕೆ ‘ತಪ್ಪು’ ಅಂತ ಗುರುತು ಹಾಕಲು ನಾನ್ಯಾರು?

ಮೂಲ ಫೈಲ್ ಪುಣ್ಯಕ್ಕೆ ಉಳಿದಿತ್ತು. ಆ 40 ಸೆಕೆಂಡನ್ನು ಮತ್ತೆ ಕೂತು ಕೇಳಿದೆ, ಕೇಳಿದ ಹಾಗೇ ಬರೆದೆ. ‘ಆಮ್ಯಾಕೆ’ ಅಂತ ಟೈಪ್ ಮಾಡಿದಾಗ ಅದರ ಕೆಳಗೆ ಕೆಂಪು ಗೆರೆ ಬಂತು. ಇರಲಿ ಅಂತ ಬಿಟ್ಟೆ.