ಕತ್ತಲಲ್ಲೇ ಪಾಸ್‌ವರ್ಡ್ ಒತ್ತಿದ ಭಾನುವಾರ

2 ನವೆಂಬರ್ 2025, ಭಾನುವಾರ, ರಾತ್ರಿ 11.20
ಶಿವಮೊಗ್ಗ

ಬೆಳಗ್ಗೆ ಬಿಚ್ಚಿದ ಕಂಪ್ಯೂಟರ್ ಕ್ಯಾಬಿನೆಟ್ಟಿನ ಮುಚ್ಚಳ ಇನ್ನೂ ಮಂಚದ ಮೇಲೇ ಇದೆ. ಈವತ್ತು ಮನೆಯಲ್ಲಿ ತುಳಸಿ ಹಬ್ಬ. ನೆಲ್ಲಿ ಟೊಂಗೆ ತರಬೇಕಾದವನು ನಾನು. ತಂದಿದ್ದು ಸಂಜೆ ಐದೂವರೆಗೆ, ಅದೂ ಪಕ್ಕದ ಮನೆಯವರನ್ನು ಕೇಳಿ. ಯಾಕೆ ಹಾಗಾಯಿತು ಅಂತ ಬರೆದಿಡುತ್ತೇನೆ. ಇನ್ಯಾರಿಗಾದರೂ ಇದೇ ಕಾಟ ಬಂದರೆ ಅವರ ಭಾನುವಾರವಾದರೂ ಉಳಿದೀತು.

ಮಗಳಿಗೆ ಬ್ಲೆಂಡರ್ ಎಂಬ 3ಡಿ ಚಿತ್ರ ಮಾಡುವ ಸಾಫ್ಟ್‌ವೇರಿನ ಹುಚ್ಚು. ನಮ್ಮ ಸಿಸ್ಟಂ 2014ರದ್ದು, ನಾಲ್ಕನೇ ತಲೆಮಾರಿನ ಐ5 ಪ್ರೊಸೆಸರ್. ಅವಳು ಒಂದು ಚಿತ್ರವನ್ನು ರೆಂಡರ್‌ಗೆ, ಅಂದರೆ ಪೂರ್ತಿ ರೂಪಕ್ಕೆ ಇಳಿಸಲು, ಹಾಕಿದರೆ ನಾವೆಲ್ಲ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡರೂ ಅದು ಮುಗಿಯುತ್ತಿರಲಿಲ್ಲ. ಪೂರ್ತಿ ಹೊಸ ಸಿಸ್ಟಂ ಈಗ ಆಗದ ಮಾತು. ಚಿತ್ರದ ಕೆಲಸಕ್ಕೆಂದೇ ಇರುವ ಗ್ರಾಫಿಕ್ಸ್ ಕಾರ್ಡ್ ಒಂದನ್ನಾದರೂ ಹಾಕೋಣ, ಮುಂದೆ ಸಿಸ್ಟಂ ಬದಲಿಸಿದಾಗ ಅದನ್ನೇ ಅದಕ್ಕೆ ಏರಿಸಿದರಾಯಿತು ಅನ್ನುವುದು ನನ್ನ ಲೆಕ್ಕ. ಹೋದ ವಾರ ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಲ್ಲಿ ಗ್ರಾಫಿಕ್ಸ್ ಕಾರ್ಡ್ ತಗೊಂಡೆ, ಜೊತೆಗೆ ಸಿಸ್ಟಂಗೆ ಕರೆಂಟ್ ಕೊಡುವ 550 ವ್ಯಾಟಿನ ಎಸ್‌ಎಂಪಿಎಸ್. ರೈಲಿನಲ್ಲಿ ಶಿವಮೊಗ್ಗದವರೆಗೂ ಡಬ್ಬಿ ತೊಡೆ ಮೇಲೇ ಇತ್ತು. ನಿನ್ನೆ ರಾಜ್ಯೋತ್ಸವ, ಶಾಲೆಯಲ್ಲಿ ಧ್ವಜ, ಭಾಷಣ ಎಲ್ಲ ಮುಗಿಯುವಷ್ಟರಲ್ಲಿ ಸುಸ್ತಾಗಿತ್ತು. ಹಾಗಾಗಿ ಈವತ್ತು ಏಳು ಗಂಟೆಗೇ ಸ್ಕ್ರೂಡ್ರೈವರ್ ಹಿಡಿದು ಕೂತೆ.

ಹಾಕುವುದೇನೂ ಕಷ್ಟವಾಗಲಿಲ್ಲ. ಮದರ್‌ಬೋರ್ಡ್ ಅನ್ನುವ ಮುಖ್ಯ ಹಲಗೆಯಲ್ಲಿ ಉದ್ದನೆಯ ಸ್ಲಾಟ್, ಕೊನೆಯಲ್ಲಿ ಒಂದು ಪ್ಲಾಸ್ಟಿಕ್ ಕೊಂಡಿ. ಎರಡೂ ಹೆಬ್ಬೆರಳು ಇಟ್ಟು ಒತ್ತಿದಾಗ ಟಕ್ ಅಂತು. ಕಾರ್ಡ್ ಎಳೆಯುವುದು 115 ವ್ಯಾಟ್. ಸ್ಲಾಟ್ ಕೊಡುವುದು ಹೆಚ್ಚೆಂದರೆ 75. ಉಳಿದದ್ದಕ್ಕೆ 8 ಪಿನ್ನಿನ ವೈರ್ ಬೇಕು. ಆ ವೈರ್ 6 ಮತ್ತು 2 ಎಂದು ಎರಡು ತುಂಡಾಗಿರುತ್ತದೆ, ಜೋಡಿಸಿ ಒಟ್ಟಿಗೇ ತಳ್ಳಬೇಕು. ಪ್ರೊಸೆಸರ್‌ಗೆ ಹೋಗುವ ವೈರ್ ಕೂಡ 8 ಪಿನ್ನಿನದೇ, ಆದರೆ ಅದು 4 ಮತ್ತು 4. ನೋಡಲು ಅಣ್ಣ ತಮ್ಮಂದಿರ ಥರ ಇದ್ದರೂ ಒಂದರ ಜಾಗಕ್ಕೆ ಇನ್ನೊಂದು ಹಾಕುವ ಹಾಗಿಲ್ಲ.

ಸ್ವಿಚ್ ಹಾಕಿದೆ. ಕಾರ್ಡಿನ ಎರಡೂ ಫ್ಯಾನ್ ಗಿರ್ರೆಂದು ತಿರುಗಿ ಸ್ವಲ್ಪ ಹೊತ್ತಿಗೆ ನಿಂತವು. ಮಾನಿಟರ್‌ನಲ್ಲಿ 'ನೋ ಸಿಗ್ನಲ್'. ಆಮೇಲೆ ಅದೂ ಇಲ್ಲ, ಬರೀ ಕಪ್ಪು.

ಮೊದಲನೇ ತಪ್ಪು ನನ್ನದೇ. ಮಾನಿಟರ್ ಇಷ್ಟು ವರ್ಷ ವಿಜಿಎ ಕೇಬಲ್ಲಿನಲ್ಲಿತ್ತು. ಹೊಸ ಕಾರ್ಡಿನಲ್ಲಿ ಆ ನೀಲಿ ಪೋರ್ಟೇ ಇಲ್ಲ, ಅದಕ್ಕೆ ಎಚ್‌ಡಿಎಂಐ ಕೇಬಲ್ ತಂದಿದ್ದೆ. ಆದರೆ ಮಾನಿಟರ್ ಇನ್ನೂ ವಿಜಿಎಯನ್ನೇ ಕಾಯುತ್ತಿತ್ತು! ಗುಂಡಿ ಒತ್ತಿ ಎಚ್‌ಡಿಎಂಐಗೆ ತಿರುಗಿಸಿದೆ. ಸಿಕ್ಕಿತು ಅಂದುಕೊಂಡೆ. ಎಲ್ಲಿ ಸಿಗಬೇಕು, ಕಪ್ಪೇ.

ಆಮೇಲೆ ಎಲ್ಲರೂ ಮಾಡುವುದನ್ನೆಲ್ಲ ಮಾಡಿದೆ. ಕಾರ್ಡ್ ತೆಗೆದು ಮತ್ತೆ ಕೂರಿಸಿದೆ. ರ‍್ಯಾಮ್ ಕಿತ್ತು ಅದರ ಬಂಗಾರದ ಬಣ್ಣದ ಹಲ್ಲುಗಳನ್ನು ಮಗಳ ರಬ್ಬರಿನಿಂದ ಉಜ್ಜಿದೆ. ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ತೆಗೆದು ಐದು ನಿಮಿಷ ಬಿಟ್ಟು ಹಾಕಿದೆ. ಕೇಬಲ್ಲನ್ನು ಕಾರ್ಡಿನಿಂದ ಕಿತ್ತು ಮದರ್‌ಬೋರ್ಡಿನ ಪೋರ್ಟಿಗೆ ಹಾಕಿದೆ, ಅಲ್ಲೂ ಕಪ್ಪು. ಈ ಹಂತದಲ್ಲಿ ನಿಜವಾಗಿ ಹೆದರಿಕೆಯಾಯಿತು. ಮೊದಲಿದ್ದದ್ದೂ ಹೋಯಿತಾ ಅಂತ. ಕಾರ್ಡ್ ಪೂರ್ತಿ ತೆಗೆದ ಮೇಲೆ ಅದೇ ಪೋರ್ಟಿನಲ್ಲಿ ಚಿತ್ರ ಬಂತು. ಕಾರ್ಡ್ ಇದ್ದರೆ ಮದರ್‌ಬೋರ್ಡಿನ ಪೋರ್ಟ್ ತಾನಾಗಿಯೇ ಬಾಯಿ ಮುಚ್ಚಿಕೊಳ್ಳುತ್ತದಂತೆ. ಆಗ ಅದು ಗೊತ್ತಿರಲಿಲ್ಲ.

ಅಂಗಡಿಗೆ ಫೋನ್ ಮಾಡಿದೆ. "ಟೆಸ್ಟ್ ಮಾಡೇ ಕೊಟ್ಟಿರೋದು ಸರ್, ಡೌಟಿದ್ರೆ ತಗೊಂಡ್ ಬನ್ನಿ" ಅಂದರು. ತಗೊಂಡು ಹೋಗುವುದೇನು, ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯೇ? ರಾತ್ರಿ ಬಸ್ಸಿಗೆ ಹತ್ತಿದರೆ ಬೆಳಗ್ಗೆ ಇಳಿಯುವ ಊರು.

"ಏನ್ರೀ, ನೆಲ್ಲಿ ಟೊಂಗೆ?" ಅಡುಗೆ ಮನೆಯಿಂದ ಬಂದ ಮಾತು. ಹ್ಞೂಂ ಅಂದೆ.

ನನ್ನ ಹಳೇ ವಿದ್ಯಾರ್ಥಿಯೊಬ್ಬ ಇಲ್ಲೇ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ. ಹಬ್ಬದ ದಿನ ಕರೆಯಲು ಸಂಕೋಚ, ಸುಮ್ನೆ ಫೋನ್ ಮಾಡಿದೆ. ಅವನು ಕಾರ್ಡಿನ ವಿಷಯ ಕೇಳಲೇ ಇಲ್ಲ. "ಸರ್, ಕಾರ್ಡ್ ಹಾಕಿ ಆನ್ ಮಾಡಿ ಎರಡು ನಿಮಿಷ ಬಿಡಿ. ಆಮೇಲೆ ಕೀಬೋರ್ಡಲ್ಲಿ ನಂಬರ್ ಲಾಕ್ ಒತ್ತಿ. ಲೈಟ್ ಹತ್ತಿ ಆರುತ್ತಾ ನೋಡಿ."

ಒತ್ತಿದೆ. ಹಸಿರು ಲೈಟ್ ಆರಿತು. ಇನ್ನೊಮ್ಮೆ ಒತ್ತಿದೆ, ಹತ್ತಿತು.

"ಹಾಗಾದ್ರೆ ಸಿಸ್ಟಂ ಸತ್ತಿಲ್ಲ ಸರ್. ಕಣ್ಣಷ್ಟೇ ಬಿಟ್ಟಿಲ್ಲ. ಈಗ ಕುರುಡಾಗೇ ಪಾಸ್‌ವರ್ಡ್ ಹಾಕಿ."

ಕಪ್ಪು ಪರದೆಯ ಮುಂದೆ ಕೂತು ಪಾಸ್‌ವರ್ಡ್ ಒತ್ತಿ ಎಂಟರ್ ಹೊಡೆದೆ. ಸ್ವಲ್ಪ ಕಾದು ಪೆನ್‌ಡ್ರೈವ್ ಚುಚ್ಚಿದೆ. ಹಳೇ ಸ್ಪೀಕರ್‌ನಿಂದ 'ಟುಡುಂಗ್' ಅಂತ ಸದ್ದು. ಮಗಳೂ ನಾನೂ ಮುಖ ಮುಖ ನೋಡಿಕೊಂಡೆವು. ಈ ಹೊತ್ತಿಗಿಂತ ದೊಡ್ಡ ಖುಷಿ ಈವತ್ತು ಬೇರೆ ಆಗಲಿಲ್ಲ, ಕೊನೆಗೆ ಎಲ್ಲ ಸರಿಹೋದಾಗಲೂ ಇಷ್ಟಾಗಲಿಲ್ಲ. ಒಳಗೆ ವಿಂಡೋಸ್ ಆರಾಮಾಗಿ ಕೂತಿತ್ತು, ನಮಗೆ ಕಾಣುತ್ತಿರಲಿಲ್ಲ ಅಷ್ಟೇ.

ಅವನು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಸಿಸ್ಟಂ ಆನ್ ಆದಾಗ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಇನ್ನೂ ಎದ್ದಿರುವುದಿಲ್ಲ. ಆಗ ಚಿತ್ರ ತೋರಿಸಲು ಕಾರ್ಡಿನೊಳಗೇ ಒಂದು ಪುಟ್ಟ ಪ್ರೋಗ್ರಾಂ ಇರುತ್ತದೆ. ಅದನ್ನು ಕರೆಯಲು ಎರಡು ದಾರಿ. ಹಳೆಯದು ಬಯೋಸ್ (ವಿಂಡೋಸ್‌ಗೂ ಮೊದಲು ಏಳುವ ಬೋರ್ಡಿನ ಪ್ರೋಗ್ರಾಂ) ಕಾಲದ್ದು, ಹೊಸದು ಅದರ ಜಾಗಕ್ಕೆ ಬಂದ ಯುಇಎಫ್‌ಐ. ನನ್ನ ಬೋರ್ಡಿಗೆ ಎರಡೂ ಗೊತ್ತು, ಆದರೆ ಅದರಲ್ಲಿ ಸಿಎಸ್‌ಎಂ ಎಂಬ ಹಳೇ ದಾರಿಯ ಸೆಟ್ಟಿಂಗ್ ಆನ್ ಆಗಿಯೇ ಇತ್ತು. ಅಜ್ಜನ ಕಾಲದ ಮೋಡಿ ಅಕ್ಷರದ ಕಾಗದ ತಂದು ಈಗಿನ ಹುಡುಗರ ಕೈಗೆ ಕೊಟ್ಟರೆ ಏನು ಮಾಡುತ್ತಾರೆ? ಸುಮ್ಮನೆ ನಿಲ್ಲುತ್ತಾರೆ. ಹಳೇ ದಾರಿ ಗೊತ್ತಿಲ್ಲದ ಹೊಸ ಕಾರ್ಡ್ ಮಾಡಿದ್ದೂ ಅದೇ. ಬ್ಯಾಟರಿ ತೆಗೆದು ಹಾಕಿದ್ದರಿಂದ ಏನೂ ಆಗದಿದ್ದಕ್ಕೂ ಕಾರಣ ಇದೇ. ನಮ್ಮ ಬೋರ್ಡಿನ ಮೂಲ ಸೆಟ್ಟಿಂಗೇ ಸಿಎಸ್‌ಎಂ ಆನ್.

ಕಾರ್ಡ್ ತೆಗೆದು ಬಯೋಸ್ ಸೆಟ್ಟಿಂಗ್ ಪರದೆಗೆ ಹೋದೆ. ಮೊದಲು ಐಜಿಪಿಯು ಮಲ್ಟಿ ಮಾನಿಟರ್ ಅನ್ನುವುದನ್ನು ಆನ್ ಮಾಡಿದೆ. ಈಗ ಕಾರ್ಡ್ ಇದ್ದರೂ ಮದರ್‌ಬೋರ್ಡಿನ ಪೋರ್ಟ್ ಮಾತಾಡುತ್ತದೆ. ಕಾರ್ಡ್ ಹಾಕಿ, ಆ ಪೋರ್ಟಿನಲ್ಲೇ ವಿಂಡೋಸ್ ತೆರೆದು ಡ್ರೈವರ್ ಹಾಕಿದೆ. ಕೇಬಲ್ ಕಾರ್ಡಿಗೆ ಬದಲಿಸಿದೆ. ಬಂತು ಚಿತ್ರ! ಕಾರ್ಡ್ ಚೆನ್ನಾಗಿಯೇ ಇದೆ ಅಂತಾಯಿತು, ಬೆಂಗಳೂರು ಬಸ್ ತಪ್ಪಿತು. ಆದರೆ ರೀಸ್ಟಾರ್ಟ್ ಮಾಡಿದರೆ ಲಾಗಿನ್ ಬರುವವರೆಗೂ ಕಪ್ಪು. ಬಯೋಸ್ ಕಾಣಬೇಕಾದರೆ ಪ್ರತಿ ಸಲ ಕೇಬಲ್ ಬದಲಿಸಬೇಕು.

ಇಲ್ಲಿ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಸಿಎಸ್‌ಎಂ ಆಫ್ ಮಾಡಿ" ಎಂದು ಅವನು ಹೇಳಿದ್ದ, "ಅದಕ್ಕೂ ಮೊದಲು" ಎಂದು ಇನ್ನೇನೋ ಹೇಳಿದ್ದ. ನಾನು ಮೊದಲನೆಯದನ್ನು ಮಾತ್ರ ಕೇಳಿಸಿಕೊಂಡಿದ್ದೆ. ಆಫ್ ಮಾಡಿದೆ. ಕಾರ್ಡಿನ ಪೋರ್ಟಿನಲ್ಲಿ ಮದರ್‌ಬೋರ್ಡಿನ ಲೋಗೋ ಚಂದವಾಗಿ ಮೂಡಿತು. ಅದರ ಹಿಂದೆಯೇ, ಬೂಟ್ ಮಾಡಲು ಡಿಸ್ಕ್ ಇಲ್ಲ ಅನ್ನುವ ಬಿಳಿ ಅಕ್ಷರ.

ನಮ್ಮ ವಿಂಡೋಸ್ 10 ಹಳೇ ದಾರಿಯಲ್ಲಿ ಹಾಕಿದ್ದು. ಡಿಸ್ಕಿನ ಪಾಲುಗಳ ಪಟ್ಟಿ ಎಂಬಿಆರ್ ಎಂಬ ಹಳೇ ರೀತಿಯದು. ಹೊಸ ದಾರಿಗೆ ಜಿಪಿಟಿ ಎಂಬ ಹೊಸ ರೀತಿಯ ಪಟ್ಟಿ ಬೇಕು. ಮೊದಲು ಮಾಡಬೇಕಿದ್ದದ್ದು ಆ ಬದಲಾವಣೆ. ಮತ್ತೆ ಸಿಎಸ್‌ಎಂ ಆನ್, ಮತ್ತೆ ಕೇಬಲ್ ಬದಲು. ಮಗಳ ಫೈಲುಗಳನ್ನೂ ಮನೆಯ ಫೋಟೋಗಳನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ಇಳಿಸಿದೆವು. ಜಾಸ್ತಿ ಹೊತ್ತು ಹಿಡಿದಿದ್ದು ಅದೇ, ನೆಲ್ಲಿ ಟೊಂಗೆಗೆ ಹೋಗಿ ಬಂದಿದ್ದು ಆ ಬಿಡುವಿನಲ್ಲೇ.

ವಿಂಡೋಸ್‌ನಲ್ಲೇ ಎಂಬಿಆರ್‌ಟುಜಿಪಿಟಿ ಅಂತ ಒಂದು ಕಮಾಂಡ್ ಇದೆ. ಫೈಲು ಅಳಿಸದೆ ಡಿಸ್ಕನ್ನು ಬದಲಿಸುತ್ತದೆ. ಆದರೆ ಅದಕ್ಕೂ ಮಡಿ ಉಂಟು. ಡಿಸ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಇರಬಾರದು. ನಮ್ಮದರಲ್ಲಿ ಸಿ, ಡಿ, ಮತ್ತೆ ವಿಂಡೋಸ್ ತಾನೇ ಮಾಡಿಕೊಂಡ ಒಂದು ಚೂರು. ಸರಿಯಾಗಿ ಮೂರು. ಎಂದೋ ಇ ಡ್ರೈವ್ ಮಾಡೋಣ ಎಂದು ಹೊರಟು ಸೋಮಾರಿತನಕ್ಕೆ ಬಿಟ್ಟಿದ್ದೆ. ಆ ಸೋಮಾರಿತನಕ್ಕೆ ಈವತ್ತು ಕೈ ಮುಗಿದೆ. ಮೊದಲು ವ್ಯಾಲಿಡೇಟ್ ಎಂದು ಪರೀಕ್ಷಿಸಿ, ಆಮೇಲೆ ಕನ್ವರ್ಟ್. ಮುಗಿಯಲು ಎರಡು ನಿಮಿಷವೂ ಹಿಡಿಯಲಿಲ್ಲ. ಸಿಎಸ್‌ಎಂ ಆಫ್. ಕೇಬಲ್ ಕಾರ್ಡಿಗೆ.

ಲೋಗೋ ಬಂತು. ಸುತ್ತುವ ಚುಕ್ಕಿಗಳು ಬಂದವು. ಲಾಗಿನ್ ಬಂತು.

ಹೊರಗೆ ತುಳಸಿ ಕಟ್ಟೆಗೆ ದೀಪ ಹಚ್ಚಿ ಆಗಿತ್ತು. ನಾನು ಮುಖ ತೊಳೆದು ಮಂಗಳಾರತಿ ಹೊತ್ತಿಗೆ ಹೋಗಿ ನಿಂತೆ. ಯಾರೂ ಏನೂ ಅನ್ನಲಿಲ್ಲ. ಅದೇ ಭಯ.

ರಾತ್ರಿ ಕೋಸಂಬರಿ ಬಾಯಿಗಿಡುವಾಗ ಕೋಣೆಯಿಂದ ಕೂಗು. "ಅಪ್ಪಾ, ಬೇಗ ಬಾ, ಕಾರ್ಡಿನ ಫ್ಯಾನ್ ನಿಂತ್ಹೋಗಿದೆ!" ಎದ್ದು ಓಡಿದೆ. ಅವಳು ಏನೂ ಮಾಡುತ್ತಿರಲಿಲ್ಲ, ಡೆಸ್ಕ್‌ಟಾಪ್ ಚಿತ್ರ ಬದಲಿಸುತ್ತಿದ್ದಳು. ಮತ್ತೆ ವಿದ್ಯಾರ್ಥಿಗೆ ಫೋನ್. ನಗು ತಡೆದುಕೊಂಡೇ ಹೇಳಿದ, "ಕೆಲಸ ಇಲ್ದಾಗ ಫ್ಯಾನ್ ತಿರುಗಲ್ಲ ಸರ್, ಬಿಸಿ ಆದ್ರೆ ತಾನಾಗೇ ತಿರುಗುತ್ತೆ. ಊಟ ಮಾಡಿ ಹೋಗಿ." ಮಗಳು ರೆಂಡರ್ ಹಚ್ಚಿದಳು. ಸ್ವಲ್ಪ ಹೊತ್ತಿಗೆ ಫ್ಯಾನ್ ತಿರುಗಿತು. ನಾನು ಎಲೆಯ ಮುಂದೆ ವಾಪಸ್ ಬಂದು ಕೂರುವಷ್ಟರಲ್ಲಿ ಚಿತ್ರವೂ ಮುಗಿದಿತ್ತು, ಕೋಸಂಬರಿ ಇನ್ನೂ ಅರ್ಧ ಉಳಿದಿತ್ತು.