ಪರದೆ ಮೇಲೆ ಬರುತ್ತೆ ತಾನೇ?

"ಸೆನ್ಸಾರ್ ಆಗಿದ್ಯೇನಮ್ಮಾ?"

"ಇದು ಡಾಕ್ಯುಮೆಂಟರಿ ಸಾರ್, ಸಿನಿಮಾ ಅಲ್ಲ."

"ಪರದೆ ಮೇಲೆ ಬರುತ್ತೆ ತಾನೇ?"

ಬೆಂಗಳೂರಿನ ಒಂದು ಸಣ್ಣ ಸಭಾಂಗಣದ ಕಚೇರಿಯಲ್ಲಿ ಈ ವಾರ ನಡೆದ ಮಾತು ಇಷ್ಟೇ. ಕಲ್ಲು ಕ್ವಾರಿಯ ಧೂಳು, ಪಕ್ಕದ ಹಳ್ಳಿ, ಆ ಹಳ್ಳಿಯವರ ಕೆಮ್ಮು, ಇವಿಷ್ಟನ್ನು ನಲವತ್ತು ನಿಮಿಷದಲ್ಲಿ ಹೇಳುವ ಚಿತ್ರ. ಮಾಡಿದ ಹುಡುಗಿಗೆ ಇನ್ನೂ ಇಪ್ಪತ್ತೈದು ತುಂಬಿದ ಹಾಗಿಲ್ಲ. ಪ್ರದರ್ಶನ ರದ್ದಾಯಿತು, ಕೊಟ್ಟ ಮುಂಗಡ ವಾಪಸ್ ಬಂತು. ಜೊತೆಗಿದ್ದ ಗೆಳೆಯರು ಹೊರಗೆ ಬಂದು ಮ್ಯಾನೇಜರನ್ನು ಹೇಡಿ, ಗುಲಾಮ ಅಂತೆಲ್ಲ ಬೈದರು. ಹೇಡಿಯೇ ಇರಬಹುದು. ಆದರೆ ಆ ಕೋಣೆಯಲ್ಲಿ ಕಾನೂನನ್ನು ಸರಿಯಾಗಿ ಹೇಳಿದವರು ಅವರೊಬ್ಬರೇ.

1952ರ ಸಿನಿಮಾಟೋಗ್ರಾಫ್ ಕಾಯ್ದೆಗೆ ಕಥಾಚಿತ್ರ, ಸಾಕ್ಷ್ಯಚಿತ್ರ ಎಂಬ ಭೇದವಿಲ್ಲ. ಸಾರ್ವಜನಿಕವಾಗಿ ತೋರಿಸುವುದಾದರೆ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಬೇಕು, ಅಷ್ಟೇ. 'ಸ್ಥಳ' ಎಂದರೆ ಮನೆ, ಕಟ್ಟಡ, ಡೇರೆ, ನೆಲ-ನೀರು-ಗಾಳಿಯಲ್ಲಿ ಓಡುವ ವಾಹನ ಎಲ್ಲವೂ ಸೇರುತ್ತದೆ ಎಂದು ಬರೆದಿಟ್ಟಿರುವ ಕಾಯ್ದೆ ಅದು. ಏಳನೇ ಸೆಕ್ಷನ್ ಪ್ರಕಾರ ತೋರಿಸಿದವನಿಗಷ್ಟೇ ಅಲ್ಲ, ತೋರಿಸಲು ಬಿಟ್ಟವನಿಗೂ ಮೂರು ವರ್ಷದವರೆಗೆ ಜೈಲು, ದಂಡ ಆಗಬಹುದು. ಬಾಗಿಲ ಬೀಗದ ಕೈ ಇಟ್ಟುಕೊಂಡವರು ಹೆದರುವುದಕ್ಕೆ ಇಷ್ಟು ಸಾಕು.

"ಪರದೆ ಮೇಲೆ ಬರುತ್ತೆ ತಾನೇ?" ಎಂಬುದು ಮ್ಯಾನೇಜರ್ ತಲೆಯಿಂದ ಹುಟ್ಟಿದ ತರ್ಕವೂ ಅಲ್ಲ. ಹಿಂದಿ ಚಿತ್ರ ನಿರ್ದೇಶಕ ಕೆ.ಎ. ಅಬ್ಬಾಸ್ ಅವರು ಕಲ್ಕತ್ತ, ಬಾಂಬೆ, ಮದ್ರಾಸ್, ದೆಹಲಿಯ ಸಿರಿತನ-ಬಡತನಗಳನ್ನು ಎದುರುಬದುರು ಇಟ್ಟು ಹದಿನಾರು ನಿಮಿಷದ ಸಾಕ್ಷ್ಯಚಿತ್ರ ಮಾಡಿದ್ದರು. ಬಾಂಬೆಯ ಕೆಂಪುದೀಪ ಪ್ರದೇಶದ ದೃಶ್ಯಕ್ಕಾಗಿ, ಎಲ್ಲ ವಯಸ್ಸಿನವರೂ ನೋಡಬಹುದು ಎನ್ನುವ 'ಯು' ಪ್ರಮಾಣಪತ್ರ ಕೊಡಲು ಮಂಡಳಿ ಒಪ್ಪಲಿಲ್ಲ. ಅವರು ಸುಪ್ರೀಂ ಕೋರ್ಟಿಗೆ ಹೋದರು. ವಿಚಾರಣೆ ನಡೆಯುತ್ತಿರುವಾಗ ಸರ್ಕಾರ 'ಯು' ಕೊಡಲು ಒಪ್ಪಿಕೊಂಡಿತು, ಆದರೆ 1970ರ ತೀರ್ಪು ಪೂರ್ವ ಸೆನ್ಸಾರ್‌ಶಿಪ್ಪನ್ನೇ ಎತ್ತಿಹಿಡಿಯಿತು. ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ವಾದದ ತಿರುಳು, ಚಲಿಸುವ ಚಿತ್ರ ಬೇರೆ ಯಾವ ಕಲೆಗಿಂತಲೂ ಆಳವಾಗಿ ಮನಸ್ಸು ಕಲಕುತ್ತದೆ, ಹಾಗಾಗಿ ಅದನ್ನು ಬೇರೆಯಾಗಿಯೇ ನೋಡಬೇಕು ಎಂಬುದು. ಮ್ಯಾನೇಜರ್ ಅದನ್ನೇ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದರು. ಅದೇ ಧೂಳಿನ ಬಗ್ಗೆ ಪುಸ್ತಕ ಬರೆದು ಅದೇ ಸಭಾಂಗಣದಲ್ಲಿ ಬಿಡುಗಡೆ ಮಾಡಿದ್ದರೆ ಯಾರ ಅಪ್ಪಣೆಯೂ ಬೇಕಿರಲಿಲ್ಲ!

ಹುಡುಗಿಯ ಗೆಳೆಯನೊಬ್ಬ "ಯೂಟ್ಯೂಬಿಗೆ ಹಾಕಿಬಿಡೋಣ, ಅಲ್ಲಿ ಸೆನ್ಸಾರ್ ಇಲ್ಲ" ಎಂದ. ಸೆನ್ಸಾರ್ ಮಂಡಳಿ ಇಲ್ಲ, ನಿಜ. ಆದರೆ ಸರ್ಕಾರದ ಕೈ ಅಲ್ಲಿಗೂ ತಲುಪುತ್ತದೆ. 2023ರ ಜನವರಿಯಲ್ಲಿ ಬಿಬಿಸಿಯ ಎರಡು ಕಂತಿನ ಸಾಕ್ಷ್ಯಚಿತ್ರದ ಕೊಂಡಿಗಳನ್ನು ಯೂಟ್ಯೂಬ್, ಟ್ವಿಟರ್‌ಗಳಿಂದ ತೆಗೆಸಿದ್ದು 2021ರ ಐಟಿ ನಿಯಮಗಳ ತುರ್ತು ಅಧಿಕಾರ ಬಳಸಿ. ಆ ದಾರಿಯಲ್ಲಿ ಕತ್ತರಿ ಹಾಕುವ ಸಮಿತಿ ಇಲ್ಲ, ಮುಂಚಿತವಾಗಿ ಕರೆದು ಕೇಳುವ ಸೌಜನ್ಯವೂ ಇಲ್ಲ. ಅದಿರಲಿ, ಸಣ್ಣ ಚಿತ್ರಗಳನ್ನು ಯೂಟ್ಯೂಬಿನಲ್ಲಿ ಮೊದಲು ಹಿಡಿಯುವುದು ಸರ್ಕಾರವಲ್ಲ, ಹಾಡು. ಕ್ವಾರಿ ಪಕ್ಕದ ಟೀ ಅಂಗಡಿಯಲ್ಲಿ ಯಾರದೋ ಮೊಬೈಲ್‌ನಿಂದ ಸಿನಿಮಾ ಹಾಡು ಕೇಳಿಸುತ್ತದೆ, ದೃಶ್ಯಕ್ಕೆ ಜೀವ ಬಂತೆಂದು ಸಂಕಲನಕಾರ ಖುಷಿಪಡುತ್ತಾನೆ. ಆಡಿಯೋ ಕಂಪನಿ ದೂರು ಕೊಟ್ಟರೆ ಅದು ಕಾಪಿರೈಟ್ ಸ್ಟ್ರೈಕ್. 90 ದಿನದೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋಗಬಹುದು. ಚಿತ್ರದ ಮೇಲೆ ಸಿಟ್ಟಿರುವವನಿಗೂ ಇದು ಸುಲಭದ ಅಸ್ತ್ರ.

ನಮ್ಮಲ್ಲಿ ವಿವಾದಿತ ಸಾಕ್ಷ್ಯಚಿತ್ರಗಳು ಕೋರ್ಟಿನಲ್ಲಿ ಸೋತದ್ದಕ್ಕಿಂತ ಗೆದ್ದದ್ದೇ ಹೆಚ್ಚು ನೆನಪಿಗೆ ಬರುತ್ತದೆ. ಆನಂದ್ ಪಟವರ್ಧನ್ ಅವರ 'ಫಾದರ್, ಸನ್ ಅಂಡ್ ಹೋಲಿ ವಾರ್' ಬಂದದ್ದು 1995ರಲ್ಲಿ. ಪ್ರಮಾಣಪತ್ರ ಇದ್ದರೂ ದೂರದರ್ಶನ ತೋರಿಸಲು ಒಪ್ಪಲಿಲ್ಲ. ಎಂಟು ವಾರದೊಳಗೆ ಪ್ರಸಾರ ಮಾಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2006ರ ಆಗಸ್ಟ್‌ನಲ್ಲಿ. ಹನ್ನೊಂದು ವರ್ಷ! ಅವರದೇ 'ವಾರ್ ಅಂಡ್ ಪೀಸ್' 2003ರಲ್ಲಿ ಬಾಂಬೆ ಹೈಕೋರ್ಟಿನಿಂದ ಒಂದೂ ಕತ್ತರಿಯಿಲ್ಲದೆ ಹೊರಬಂತು. 2017ರಲ್ಲಿ ಕೇಜ್ರಿವಾಲ್ ಕುರಿತ 'ಆ್ಯನ್ ಇನ್‌ಸಿಗ್ನಿಫಿಕಂಟ್ ಮ್ಯಾನ್' ತಂಡಕ್ಕೆ ಮೋದಿ, ಕೇಜ್ರಿವಾಲ್, ಶೀಲಾ ದೀಕ್ಷಿತ್ ಮೂವರಿಂದಲೂ ಎನ್‌ಒಸಿ ತನ್ನಿ ಎಂದಿದ್ದರು. ರಾಜಕಾರಣಿಯ ಬಗ್ಗೆ ಚಿತ್ರ ಮಾಡಲು ರಾಜಕಾರಣಿಯ ಒಪ್ಪಿಗೆ ಬೇಕಂತೆ, ಮಂಡಳಿಯಲ್ಲಿ ಕೂತವರಿಗೆ ನಗು ಬರಲಿಲ್ಲವೇ ಎಂಬುದೇ ನನಗೆ ಆಶ್ಚರ್ಯ. ಅದನ್ನು ಬಿಡಿಸಿದ್ದು ಮೇಲ್ಮನವಿ ನ್ಯಾಯಮಂಡಳಿ, ಎಫ್‌ಸಿಎಟಿ. 2021ರ ಏಪ್ರಿಲ್‌ನಲ್ಲಿ ಆ ನ್ಯಾಯಮಂಡಳಿಯನ್ನೇ ರದ್ದು ಮಾಡಿದರು. ಈಗ ಪರಿಶೀಲನಾ ಸಮಿತಿ, ಪುನರ್‌ಪರಿಶೀಲನಾ ಸಮಿತಿ, ಆಮೇಲೆ ನೇರ ಹೈಕೋರ್ಟು. ಮೇಲ್ಮನವಿಗೆ ಮೂವತ್ತು ದಿನ. ಮೊಬೈಲ್ ಮಾರಿ ಹಾರ್ಡ್‌ಡಿಸ್ಕ್ ಕೊಂಡವರು ಹೈಕೋರ್ಟ್ ವಕೀಲರ ಫೀಸನ್ನು ಏನು ಮಾರಿ ಕಟ್ಟಬೇಕು? ಚಿತ್ರ ಕೊನೆಗೆ ಗೆಲ್ಲುತ್ತದೆ, ಅಷ್ಟರಲ್ಲಿ ಅದರ ಕಾಲ ಮುಗಿದಿರುತ್ತದೆ. ತಡ ಮಾಡುವುದೇ ಇಲ್ಲಿನ ನಿಜವಾದ ಕತ್ತರಿ.

ಒಂದು ಮಾತು ನಮ್ಮವರ ಪರವಾಗಿ. ಮಂಡಳಿ ಸರಿ ಎಂದ ಮೇಲೂ ಕೇಂದ್ರ ಸರ್ಕಾರ ಅಡ್ಡಗಾಲು ಹಾಕಬಹುದಾಗಿದ್ದ ಅಧಿಕಾರವನ್ನು ಪ್ರಶ್ನಿಸಿ ಗೆದ್ದವರು ಕನ್ನಡದ ನಿರ್ದೇಶಕ ಕೆ.ಎಂ. ಶಂಕರಪ್ಪ. ಕರ್ನಾಟಕ ಹೈಕೋರ್ಟ್ ಕೊಟ್ಟ ತೀರ್ಪನ್ನು 2000ದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಕಾಯ್ದೆಯ ಪುಸ್ತಕದಿಂದ ಆ ಸಾಲು ಹೋಗಿದ್ದು 2023ರ ತಿದ್ದುಪಡಿಯಲ್ಲಿ.

ಹುಡುಗಿಯ ಚಿತ್ರಕ್ಕೆ ಬರೋಣ. ಸೆನ್ಸಾರಿಗಿಂತ ದೊಡ್ಡ ಗಂಡಾಂತರ ಹನ್ನೆರಡನೇ ನಿಮಿಷದಲ್ಲಿದೆ. ಅಜ್ಜಿಯೊಬ್ಬರು ಕ್ವಾರಿ ಮಾಲೀಕನ ಹೆಸರು ಹಿಡಿದು "ಅವನೇ ಕೊಂದ" ಎನ್ನುತ್ತಾರೆ. ಸತ್ಯ ಹೇಳಿದರೆ ಮಾನಹಾನಿ ಹೇಗಾಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ನಲ್ಲಿ ಸತ್ಯ ಒಂದೇ ಸಾಲದು, ಹೇಳಿದ್ದು ಸಾರ್ವಜನಿಕ ಹಿತಕ್ಕೆ ಎಂದೂ ತೋರಿಸಬೇಕು. ಹಾಗಾಗಿ ಆರೋಪಗಳನ್ನು ಒಂದೊಂದಾಗಿ ಬರೆದು ಮಾಲೀಕನಿಗೆ ಸ್ಪೀಡ್ ಪೋಸ್ಟ್ ಮಾಡಬೇಕು, ಉತ್ತರಕ್ಕೆ ಎರಡು ವಾರ ಕೊಡಬೇಕು, ರಸೀದಿ ಇಟ್ಟುಕೊಳ್ಳಬೇಕು. ಉತ್ತರ ಬಂದರೆ ಚಿತ್ರದಲ್ಲಿ ಸೇರಿಸಬೇಕು, ಬಾರದಿದ್ದರೆ ಬರಲಿಲ್ಲ ಎಂದು ಪರದೆ ಮೇಲೆ ಹಾಕಬೇಕು. ಇದಕ್ಕೆ ಖರ್ಚು ನೂರು ರೂಪಾಯಿಯೂ ಆಗದು, ಆದರೂ ಬಹಳ ಜನ ಮಾಡುವುದಿಲ್ಲ.

ಮಾಲೀಕ ಸಿವಿಲ್ ಕೋರ್ಟಿಗೆ ಹೋಗಿ ಏಕಪಕ್ಷೀಯ ತಡೆಯಾಜ್ಞೆ ತಂದರೆ ಪ್ರದರ್ಶನದ ದಿನವೇ ಕಾಗದ ಕೈಗೆ ಬರುತ್ತದೆ. ಅದಕ್ಕೆ ಮೊದಲೇ ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) 148ಎ ಅಡಿ ಕೇವಿಯಟ್ ಹಾಕಿದರೆ, ನಮ್ಮ ಮಾತನ್ನೂ ಕೇಳಿ ಎಂದು ಕೋರ್ಟಿಗೆ ಮುಂಚಿತವಾಗಿ ಹೇಳಿದಂತೆ. 90 ದಿನ ಮಾತ್ರ ಊರ್ಜಿತ, ಹಾಗಾಗಿ ಪ್ರದರ್ಶನದ ದಿನ ನೋಡಿಕೊಂಡು ಹಾಕಬೇಕು. ಇಂಥ ತಡೆಯಾಜ್ಞೆಗಳನ್ನು ಯಾಂತ್ರಿಕವಾಗಿ ಕೊಡಬೇಡಿ ಎಂದು 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅದರ ಪ್ರತಿಯೂ ವಕೀಲರ ಬಳಿ ಇರಲಿ.

ಚಿತ್ರದಲ್ಲಿ ಕಲ್ಲು ಹೊರುವ ಹುಡುಗನೊಬ್ಬನಿದ್ದಾನೆ. ಬಾಲಕಾರ್ಮಿಕ ಪ್ರಕರಣ ದಾಖಲಾಗಿ ವಿಚಾರಣೆ ಶುರುವಾದರೆ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಅವನ ಗುರುತು ಬಿಟ್ಟುಕೊಡಲು ಬಿಡುವುದಿಲ್ಲ. ಮುಖ ಮಸುಕು ಮಾಡಿದ್ದಾಳೆ, ಶಾಲೆಯ ಬೋರ್ಡು ಹಿಂದೆ ಸ್ಪಷ್ಟವಾಗಿದೆ! ಸಮವಸ್ತ್ರ, ಮನೆ ಬಾಗಿಲು, ದನಿ ಎಲ್ಲವನ್ನೂ ನೋಡಬೇಕು. ಡ್ರೋನ್ ದೃಶ್ಯಕ್ಕೆ, ಸರ್ಕಾರದ ಡ್ರೋನ್ ನಕ್ಷೆಯಲ್ಲಿ ಹಸಿರು ಬಣ್ಣದಲ್ಲಿ ತೋರಿಸಿದ ಹಸಿರು ವಲಯದಲ್ಲಿ 400 ಅಡಿವರೆಗೆ ಮುಂಗಡ ಅನುಮತಿ ಬೇಡ, ಅಂದು ಆ ಜಾಗ ಹಸಿರು ವಲಯದಲ್ಲೇ ಇತ್ತು ಎಂಬುದರ ಸ್ಕ್ರೀನ್‌ಶಾಟ್ ಬೇಕು. ಮೂಲ ಫೂಟೇಜ್ ಎರಡು ಡಿಸ್ಕಿನಲ್ಲಿ, ಬೇರೆ ಬೇರೆ ಮನೆಯಲ್ಲಿ. ಫೂಟೇಜನ್ನು ಕೋರ್ಟಿಗೆ ಕೊಡಬೇಕಾದರೆ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯ (ಫೈಲ್ ತಿದ್ದಿಲ್ಲ ಎಂದು ತೋರಿಸುವ ಅಂಕಿ-ಅಕ್ಷರಗಳ ಗುರುತು) ಕೇಳುತ್ತಾರೆ, ನಕಲು ಮಾಡಿದ ದಿನವೇ ಅದನ್ನು ತೆಗೆದು ಬರೆದಿಟ್ಟುಕೊಂಡರೆ ಮುಂದೆ ಪರದಾಟವಿಲ್ಲ.

ಅಜ್ಜಿ ರಿಲೀಸ್ ಫಾರಂಗೆ ಹೆಬ್ಬೆಟ್ಟು ಒತ್ತಿದ್ದಾರೆ, ಫಾರಂ ಇಂಗ್ಲಿಷಿನಲ್ಲಿದೆ. ಏನು ಬರೆದಿದೆ ಎಂದು ಅವರಿಗೆ ಓದಿ ಹೇಳಿದ್ದಕ್ಕೆ ದಾಖಲೆಯಿಲ್ಲ. ಮಾಲೀಕನ ಕಡೆಯವರು ನಾಳೆ ಅದೇ ಅಜ್ಜಿಯಿಂದ "ನನಗೆ ಗೊತ್ತಿರಲಿಲ್ಲ" ಎಂದು ಅಫಿಡವಿಟ್ ಮಾಡಿಸುವುದು ಕಷ್ಟವೇನಲ್ಲ. ಕನ್ನಡದ ಫಾರಂ, ಅದನ್ನು ಓದಿ ಹೇಳುವುದು, ಅವರು ಹೂಂ ಅನ್ನುವುದು, ಮೂರೂ ಕ್ಯಾಮೆರಾದಲ್ಲೇ ಇರಬೇಕು. ಇದಕ್ಕಾಗಿ ಅವಳು ಹಳ್ಳಿಗೆ ಮತ್ತೆ ಹೋಗಲೇಬೇಕು.

ಪ್ರಮಾಣಪತ್ರಕ್ಕೆ ಅರ್ಜಿ ಹಾಕುತ್ತಾಳಂತೆ. ಇ-ಸಿನಿಪ್ರಮಾಣ್ ಪೋರ್ಟಲ್‌ನಲ್ಲಿ, ಬೆಂಗಳೂರು ಪ್ರಾದೇಶಿಕ ಕಚೇರಿಗೆ. ಮಾತು, ನಿರೂಪಣೆ ಎಲ್ಲದರ ಸ್ಕ್ರಿಪ್ಟ್ ಕೊಡಬೇಕು. ಕ್ವಾರಿ ಕೆಲಸಗಾರರು ಮೇಸ್ತ್ರಿಗೆ ಬೈಯುವ ಎರಡು ನಿಮಿಷದ ಭಾಗವೊಂದಿದೆ. ಅದನ್ನು ಅಕ್ಷರಶಃ ಟೈಪ್ ಮಾಡಿಕೊಡಲು ಮನೆಯಲ್ಲಿ ಯಾರೂ ಒಪ್ಪುತ್ತಿಲ್ಲ, ಅವಳೇ ಕೂತು ಮಾಡುತ್ತಿದ್ದಾಳೆ.