“ಅಲ್ಲಿ ಊಟಕ್ಕೆ ಎಂತ ಮಾಡ್ತೀರಿ?”

ಊರಿಗೆ ಹೋದಾಗಲೆಲ್ಲ, ಚಪ್ಪಲಿ ಬಿಟ್ಟು ಚಾವಡಿ ಹತ್ತುವ ಮೊದಲೇ ನನಗೆ ಎದುರಾಗುವ ಪ್ರಶ್ನೆ ಇದು. ‘ಅಲ್ಲಿ’ ಎಂದರೆ ಮಲೇಷ್ಯಾದ ಪೆನಾಂಗ್ ದ್ವೀಪ. ಹನ್ನೊಂದು ವರ್ಷಗಳಿಂದ ನಾನು ಅಲ್ಲಿಯ ಬಯಾನ್ ಲೆಪಾಸ್ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡಿಕೊಂಡು, ಒಬ್ಬನೇ ಇದ್ದೇನೆ. ಮನೆಯಲ್ಲಿ ಒಲೆ ಇದೆ, ಹೆಚ್ಚಾಗಿ ಅದರ ಮೇಲೆ ಚಹಾ ಮಾತ್ರ ಕಾಯುತ್ತದೆ. ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಸಾಕಾಗಿರುವುದರಿಂದ ಒಮ್ಮೆ ಬರೆದಿಟ್ಟುಬಿಡುತ್ತೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳುಹಿಸುವುದು.

ಉತ್ತರ: ಊಟ ಮಾಡುತ್ತೇನೆ. ಬೀದಿಯಲ್ಲಿ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು, ನನಗಿಂತ ಚೆನ್ನಾಗಿ ಅಡುಗೆ ಬಲ್ಲವರು ಮಾಡಿದ್ದನ್ನು, ಹೊಟ್ಟೆ ತುಂಬ.

ನನಗೆ ಸಿಟ್ಟು ಬರುವುದು ಪ್ರಶ್ನೆಯ ಮೇಲಲ್ಲ, ಅದನ್ನು ಕೇಳುವ ರೀತಿಯ ಮೇಲೆ. ‘ಅಲ್ಲಿ ಏನು ತಿನ್ನುತ್ತೀರಿ’ ಎಂದು ಕೇಳಿದರೆ ಅದರಲ್ಲಿ ಕುತೂಹಲವಿದೆ. ‘ಊಟಕ್ಕೆ ಏನು ಮಾಡುತ್ತೀರಿ’ ಎಂದರೆ ಅದು ಬರಗಾಲದ ವಿಚಾರಣೆ. ಕೇಳುವವರ ಮುಖದಲ್ಲಿ ಉತ್ತರ ಆಗಲೇ ಸಿದ್ಧವಾಗಿರುತ್ತದೆ: ಪಾಪ, ಅನ್ನ-ಸಾರು ಇಲ್ಲದೆ ಒಣಗಿದ್ದಾನೆ. ನನ್ನ ಹೊಟ್ಟೆಯನ್ನು ಕಣ್ಣೆದುರೇ ನೋಡಿಯೂ ಹೀಗೆ ನಂಬುವವರಿಗೆ ಏನು ಹೇಳುವುದು! ಇದರ ಬೆನ್ನಿಗೇ ಎರಡನೆಯದು ಬರುತ್ತದೆ: “ಅವರು ಹಾವು, ಕಪ್ಪೆ ಎಲ್ಲ ತಿಂತಾರಂತಲ್ಲ?” ಹಾವನ್ನು ಮಾರುವ ಅಂಗಡಿಯನ್ನು ನಾನು ಪೆನಾಂಗಿನಲ್ಲಿ ನೋಡಿಲ್ಲ. ಕಪ್ಪೆಯ ಗಂಜಿ ಸಿಗುವುದು ನಿಜ, ತಿಂದಿದ್ದೇನೆ, ಕೋಳಿಗಿಂತ ಮೆತ್ತಗಿರುತ್ತದೆ. ಈ ಮಾತು ಹೇಳಿದ ಮೇಲೆ ಕೆಲವು ಮನೆಗಳಲ್ಲಿ ನನಗೆ ಚಹಾ ಬಂದದ್ದು ಬೇರೆ ಲೋಟದಲ್ಲಿ.

ಸಸ್ಯಾಹಾರಿಗಳು ಕೇಳಿದಾಗ ಮಾತ್ರ ನಾನು ಸಿಡುಕುವುದಿಲ್ಲ, ಏಕೆಂದರೆ ಅವರಿಗೆ ಅದು ನಿಜವಾದ ಪ್ರಶ್ನೆ. ಮಲಯ್ ಅಡುಗೆಯ ಸಾಂಬಾಲಿನಲ್ಲಿ, ಎಂದರೆ ಅವರ ಕೆಂಪು ಮೆಣಸಿನ ಚಟ್ನಿಯಲ್ಲಿ, ಸೀಗಡಿಯನ್ನು ಹುದುಗಿಸಿ ಮಾಡಿದ ಬೆಲಚಾನ್ ಎಂಬ ಮುದ್ದೆ ಅಡಗಿರುತ್ತದೆ. ಬರಿಯ ಸೊಪ್ಪಿನ ಪಲ್ಯದಲ್ಲೂ ಅದು ಇರಬಹುದು. ಆದರೆ ಅದೇ ಊರಿನಲ್ಲಿ ಈರುಳ್ಳಿ-ಬೆಳ್ಳುಳ್ಳಿಯನ್ನೂ ಮುಟ್ಟದ ಚೀನೀ ಬೌದ್ಧರ ಸಸ್ಯಾಹಾರಿ ಅಂಗಡಿಗಳಿವೆ. ಚೀನೀ ಪಂಚಾಂಗದ ಒಂಬತ್ತನೆಯ ತಿಂಗಳಿನ ಮೊದಲ ಒಂಬತ್ತು ದಿನ ಒಂಬತ್ತು ಸಾಮ್ರಾಟ ದೇವರುಗಳ ಹಬ್ಬ ನಡೆಯುತ್ತದೆ; ಆಗ ಬೀದಿ ಬೀದಿಯಲ್ಲಿ ಹಳದಿ ಬಾವುಟದ ಸಸ್ಯಾಹಾರಿ ಗಾಡಿಗಳು ಏಳುತ್ತವೆ. ಅದು ಹೆಚ್ಚಿನ ವರ್ಷಗಳಲ್ಲಿ ನಮ್ಮ ನವರಾತ್ರಿಯ ದಿನಗಳಲ್ಲೇ ಬರುತ್ತದೆ. ನಮ್ಮಲ್ಲಿ ಮಾಂಸ ಬಿಟ್ಟು ಕುಳಿತ ಹೊತ್ತಿನಲ್ಲೇ ಅವರೂ ಬಿಟ್ಟು ಕುಳಿತಿರುತ್ತಾರೆ ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ.

ಆದರೆ ನನ್ನನ್ನು ಹೆಚ್ಚು ಕಾಡಿದವರು ಮೀನು ತಿನ್ನುವ ನನ್ನ ಮನೆಯವರೇ. ಎರಡು ವರ್ಷಗಳ ಹಿಂದೆ ಚಿಕ್ಕಪ್ಪ ಮತ್ತು ಚಿಕ್ಕಮ್ಮ ಕುಂದಾಪುರದಿಂದ ನನ್ನಲ್ಲಿಗೆ ಹತ್ತು ದಿನಕ್ಕೆ ಬಂದಿದ್ದರು. ಚಿಕ್ಕಪ್ಪನ ಸೂಟ್‌ಕೇಸ್ ಬಿಚ್ಚಿದರೆ ಅದರಲ್ಲಿ ಎರಡು ಅಂಗಿ, ಒಂದು ಪಂಚೆ, ಉಳಿದದ್ದೆಲ್ಲ ಕುಚ್ಚಲಕ್ಕಿ, ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ. ಇಲ್ಲಿ ಲಿಟ್ಲ್ ಇಂಡಿಯಾ ಎಂಬ ಕೇರಿಯೇ ಇದೆ, ಅಕ್ಕಿ ಹೊತ್ತು ತರುವ ಅಗತ್ಯವಿರಲಿಲ್ಲ ಎಂದೆ. “ಇರ್ಲಿ ಮಾರಾಯ, ಎಂತಕ್ಕೂ ಇರ್ಲಿ” ಎಂದರು.

ಮೊದಲನೆಯ ಸಂಜೆ ಅವರನ್ನು ಚಾರ್ ಕ್ವೇ ತಿಯೋ ಮಾಡುವವನಲ್ಲಿಗೆ ಕರೆದುಕೊಂಡು ಹೋದೆ. ಇಂಥ ಗಾಡಿ ಇರುವುದು ಕೋಪಿತಿಯಾಮಿನ ಬಾಗಿಲಲ್ಲಿ. ಕೋಪಿ ಎಂಬುದು ಮಲಯ್ ಭಾಷೆಯ ಕಾಫಿ, ತಿಯಾಮ್ ಎಂದರೆ ಹೊಕ್ಕಿಯೆನ್ ಎಂಬ ಚೀನೀ ಮಾತಿನಲ್ಲಿ ಅಂಗಡಿ. ಅಂಗಡಿಯ ಯಜಮಾನ ಕಾಫಿ, ಚಹಾ ಮಾತ್ರ ಮಾರುತ್ತಾನೆ. ಜಾಗವನ್ನು ಬೇರೆ ಬೇರೆ ಗಾಡಿಯವರಿಗೆ ಬಾಡಿಗೆಗೆ ಕೊಟ್ಟಿರುತ್ತಾನೆ. ನಾವು ಮೇಜಿನ ನಂಬರು ಹೇಳಿ ಬಂದರೆ ತಟ್ಟೆ ಹುಡುಕಿಕೊಂಡು ಬರುತ್ತದೆ, ಬಂದಾಗ ದುಡ್ಡು ಕೊಡುವುದು. ಕ್ವೇ ತಿಯೋ ಎಂದರೆ ಅಕ್ಕಿಯಿಂದ ಮಾಡಿದ, ಎರಡು ಬೆರಳಗಲಕ್ಕಿಂತ ಕಿರಿದಾದ ಚಪ್ಪಟೆ ಪಟ್ಟಿ. ಚಾರ್ ಎಂದರೆ ಹುರಿದದ್ದು. ಆ ಮುದುಕ ಇದ್ದಿಲ ಒಲೆಯ ಮೇಲೆ ಕಬ್ಬಿಣದ ಬಾಣಲೆಯಿಟ್ಟು, ಹಂದಿಯ ಕೊಬ್ಬು ಹಾಕಿ, ಬೆಳ್ಳುಳ್ಳಿ ಸಿಡಿಯುತ್ತಿದ್ದಂತೆ ಸೀಗಡಿ, ಅಕ್ಕಿಯ ಪಟ್ಟಿ, ಮೆಣಸಿನ ಮುದ್ದೆ, ಸೋಯಾ ರಸ ಒಂದರ ಹಿಂದೊಂದು ಸುರಿದು, ಪಕ್ಕಕ್ಕೆ ತಳ್ಳಿ, ಖಾಲಿಯಾದ ಜಾಗದಲ್ಲಿ ಮೊಟ್ಟೆ ಒಡೆದು, ಮೊಳಕೆ ಕಾಳು ಹಾಕಿ, ಕೊನೆಗೆ ನಮ್ಮ ಮರುವಾಯಿಯ ದೂರದ ನೆಂಟನಂತಿರುವ ಚಿಪ್ಪಿನ ಮಾಂಸವನ್ನು ಬರಿದೆ ಬಿಸಿ ತಾಗಿಸಿ ಎತ್ತುವಷ್ಟರಲ್ಲಿ ಎರಡು-ಮೂರು ನಿಮಿಷವೂ ಆಗಿರುವುದಿಲ್ಲ. ಒಂದು ಸಲಕ್ಕೆ ಒಂದೇ ತಟ್ಟೆ. ಬಾಣಲೆ ತುಂಬಿದರೆ ಬಿಸಿ ಇಳಿಯುತ್ತದೆ, ಬಿಸಿ ಇಳಿದರೆ ಪಟ್ಟಿ ಹುರಿಯುವ ಬದಲು ಬೇಯುತ್ತದೆ, ಆ ಹೊಗೆ ಹಿಡಿದ ಪರಿಮಳ ಬರುವುದಿಲ್ಲ. ಅದಕ್ಕೆ ಚೀನೀಯರು ‘ವೋಕ್ ಹೇ’ ಎನ್ನುತ್ತಾರೆ, ಬಾಣಲೆಯ ಉಸಿರು. ಮೊದಲ ವರ್ಷ ಗೊತ್ತಿಲ್ಲದೆ “ನಾಲ್ಕು ತಟ್ಟೆ ಒಟ್ಟಿಗೇ ಹುರಿದುಬಿಡಿ” ಎಂದು ಕೇಳಿ ಆತನ ಕಣ್ಣಿನ ಏಟು ತಿಂದವನು ನಾನು.

ಚಿಕ್ಕಪ್ಪ ಹಂದಿಕೊಬ್ಬಿನ ಮಾತು ಕೇಳಿ ತಟ್ಟೆ ಸರಿಸಿದರು. ಅದನ್ನು ತಪ್ಪೆನ್ನುವುದಿಲ್ಲ, ಅವರವರ ನೇಮ. ಮಲಯ್ ಮುಸ್ಲಿಮರೂ ಈ ಗಾಡಿಗೆ ಬರುವುದಿಲ್ಲ. ಅವರಿಗೆ ಅವರದೇ ಹಲಾಲ್ ಅಂಗಡಿಗಳಿವೆ. ಆದರೆ ಮಡಿಕೇರಿಯಲ್ಲಿ ಎರಡು ದಿನ ಪಂದಿ ಕರಿ ಹೊಡೆದು ಬಂದವರೂ ಇದೇ ಮುಖ ಮಾಡಿ “ಛೇ, ಹಂದಿಯಾ?” ಎಂದು ನನ್ನನ್ನು ಕೇಳಿದ್ದಾರೆ. ಘಟ್ಟದ ಮೇಲಿನ ಹಂದಿ ಬೇರೆ, ಸಮುದ್ರದಾಚೆಯ ಹಂದಿ ಬೇರೆ ಇರಬೇಕು.

ಮಾರನೆಯ ದಿನ ಹಂದಿ ಇಲ್ಲದ್ದೇ ಆಗಲಿ ಎಂದು ಆಯರ್ ಈತಂನಲ್ಲಿ, ಕೆಕ್ ಲೋಕ್ ಸಿ ದೇವಾಲಯದ ಬೆಟ್ಟದಡಿ, ಅಸಾಮ್ ಲಕ್ಸಾ ಕೊಡಿಸಿದೆ. ಅಸಾಮ್ ಎಂದರೆ ಹುಳಿ. ಮೀನನ್ನು ಬೇಯಿಸಿ, ಮುಳ್ಳು ತೆಗೆದು, ಹುಣಸೆ ಮತ್ತು ಒಣಗಿಸಿದ ಅಸಾಮ್ ಗೆಲುಗೋರ್ ಹೋಳುಗಳ ಹುಳಿಯಲ್ಲಿ ಕುದಿಸಿ, ದಪ್ಪನೆಯ ಅಕ್ಕಿ ಶ್ಯಾವಿಗೆಯ ಮೇಲೆ ಸುರಿದು, ಪುದೀನ, ಅನಾನಸು, ಸೌತೆ ಉದುರಿಸಿ ಕೊಡುತ್ತಾರೆ. ಆ ಮೀನು ಯಾವುದು? ಅವರು ಕೆಂಬೊಂಗ್ ಎನ್ನುವುದು ನಮ್ಮ ಬಂಗುಡೆಯನ್ನೇ. ಆ ಹುಳಿ ಯಾವುದು? ನಮ್ಮ ಮಂತುಹುಳಿ, ಪುನರ್ಪುಳಿ, ಕೊಡವರ ಕಾಚಂಪುಳಿ ಬರುವ ಗಿಡಗಳ ಕುಲದ್ದೇ ಗಿಡ. ಬಂಗುಡೆ ಹುಳಿ ಇಲ್ಲದೆ ವಾರ ಕಳೆಯಲಾರದ ಚಿಕ್ಕಪ್ಪ, ಬಂಗುಡೆ ಹುಳಿಯ ಬಟ್ಟಲನ್ನು ಮುಂದಿಟ್ಟುಕೊಂಡು, ಮೇಲೆ ಬಿಟ್ಟ ಕಪ್ಪು ಸೀಗಡಿ ಮುದ್ದೆಯ ವಾಸನೆಗೆ ಮೂಗು ಮುಚ್ಚಿಕೊಂಡರು. ನಮ್ಮ ಮನೆಯಲ್ಲಿ ಮಳೆಗಾಲದಲ್ಲಿ ಒಣಮೀನು ಸುಡುವಾಗ ಅವರು ಯಾವತ್ತೂ ಮೂಗು ಮುಚ್ಚಿದ್ದನ್ನು ನಾನು ನೋಡಿಲ್ಲ. ಚಿಕ್ಕಮ್ಮ ಏನೂ ಹೇಳದೆ ತಮ್ಮ ಬಟ್ಟಲು ಮುಗಿಸಿದರು, ನಂತರ ಚಿಕ್ಕಪ್ಪನದರಿಂದ ಅನಾನಸನ್ನು ಆರಿಸಿಕೊಂಡರು.

ಆದರೆ ನಾನು ಇಷ್ಟುದ್ದ ಬರೆಯಲು ಕಾರಣವಾದದ್ದು ಮೂರನೆಯ ದಿನದ ಚೆಂಡೋಲ್ ಎಂಬ ಐಸಿನ ಸಿಹಿ. ಪೆನಾಂಗಿನ ಮುಖ್ಯ ಪಟ್ಟಣ ಜಾರ್ಜ್ ಟೌನಿನ ಲೆಬುಹ್ ಕೆಂಗ್ ಕ್ವೀ ಎಂಬ ಗಲ್ಲಿಯಲ್ಲಿ ಎದುರುಬದುರಾಗಿ ಚೆಂಡೋಲ್ ಗಾಡಿಗಳಿವೆ. ಅವುಗಳಲ್ಲೊಂದು 1936ರಿಂದ ನಡೆಯುತ್ತಿರುವುದು. ಮಧ್ಯಾಹ್ನದ ಬಿಸಿಲಿನಲ್ಲಿ ಜನ ಸಾಲಾಗಿ ನಿಂತು, ಬಟ್ಟಲು ಕೈಗೆ ಬಂದೊಡನೆ ಗೋಡೆಗೆ ಒರಗಿ ನಿಂತೇ ತಿನ್ನುತ್ತಾರೆ. ಅಕ್ಕಿ ಹಿಟ್ಟನ್ನು ಪಂಡಾನ್ ಎಲೆಯ ರಸದಲ್ಲಿ ಕಾಯಿಸಿ, ತೂತಿನ ತಟ್ಟೆಯ ಮೂಲಕ ತಣ್ಣೀರಿಗೆ ಒತ್ತಿ ಇಳಿಸಿದ ಗಿಡ್ಡ ಹಸಿರು ಎಳೆಗಳು. ಅದರ ಮೇಲೆ ಹೆರೆದ ಐಸು, ದಪ್ಪ ತೆಂಗಿನ ಹಾಲು, ಕಂದು ಬಣ್ಣದ ಬೆಲ್ಲದ ಪಾಕ, ಒಂದು ಚಮಚ ಬೆಂದ ಕೆಂಪು ರಾಜ್ಮಾ. ಚಿಕ್ಕಪ್ಪ ಬಟ್ಟಲೊಳಗೆ ಬಗ್ಗಿ ನೋಡಿ, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ, “ಇದೆಂತ ಮಾರಾಯ, ಹುಳುವಾ?” ಎಂದರು. ಕನ್ನಡ ಯಾರಿಗೂ ತಿಳಿಯದಿದ್ದರೂ ಅವರು ಚಮಚದ ತುದಿಯಲ್ಲಿ ಒಂದು ಎಳೆಯನ್ನು ಎತ್ತಿ ಹಿಡಿದ ಭಂಗಿ ಎಲ್ಲರಿಗೂ ತಿಳಿಯಿತು.

ನನಗೆ ರೇಗಿತು. ನಡುಬೀದಿಯಲ್ಲಿ ನಿಂತು ಅವರಿಗೆ ಲೆಕ್ಕ ಒಪ್ಪಿಸಿದೆ. ಸಣ್ಣಂದಿನಿಂದ ನೀವು ಹಬ್ಬಕ್ಕೆ ತಿಂದ ಒತ್ತು ಶ್ಯಾವಿಗೆ ಮತ್ತು ಕಾಯಿಹಾಲು ಏನು? ಅಕ್ಕಿಯನ್ನು ಅರೆದು, ಬೇಯಿಸಿ, ತೂತಿನಿಂದ ಒತ್ತಿ, ಬೆಲ್ಲ ಕರಗಿಸಿದ ತೆಂಗಿನ ಹಾಲಿನಲ್ಲಿ ಅದ್ದಿ ತಿನ್ನುವುದಲ್ಲವೇ? ಇದಕ್ಕೆ ಐಸು ಬಿದ್ದಿದೆ, ಎಲೆಯ ಬಣ್ಣ ಸೇರಿದೆ, ಅಷ್ಟೆ. ಆ ಎಲೆಯೂ ದೂರದ್ದಲ್ಲ. ಮೂಡೆ ಕಟ್ಟುವ ಕೇದಗೆ ಮತ್ತು ಪಂಡಾನ್ ಒಂದೇ ಕುಲದ ಗಿಡಗಳು. ಕೇದಗೆಯಲ್ಲಿ ಪರಿಮಳವಿರುವುದು ಹೂವಿಗೆ, ಇದರಲ್ಲಿ ಎಲೆಗೆ. ಗಂಧಸಾಲೆ ಅಕ್ಕಿ ಬೇಯುವಾಗ ಬರುವಂಥದೇ ಪರಿಮಳ. ಹೀಗೆ ನಾನು ಭಾಷಣ ಮಾಡುತ್ತಿದ್ದಾಗ ನನ್ನ ಬಟ್ಟಲಿನ ಐಸೆಲ್ಲ ಕರಗಿ ನೀರಾಯಿತು. ಚಿಕ್ಕಪ್ಪ “ಆಯ್ತು ಮಾರಾಯ” ಎಂದು ಎಳೆಗಳನ್ನು ಬಿಟ್ಟು ಹಾಲನ್ನಷ್ಟೇ ಕುಡಿದರು.

ಚಿಕ್ಕಮ್ಮ ಖಾಲಿ ಬಟ್ಟಲಿನ ತಳವನ್ನು ಚಮಚದಿಂದ ಕೆರೆದು ನೆಕ್ಕಿ, ಕೇಳಿದರು: “ಇದಕ್ಕೆ ಹಾಕಿದ್ದು ಓಲೆ ಬೆಲ್ಲವಾ?”

ಅಷ್ಟೂ ವರ್ಷಗಳಲ್ಲಿ ನನ್ನನ್ನು ಯಾರಾದರೂ ಕೇಳಬಾರದೇ ಎಂದು ನಾನು ಕಾಯುತ್ತಿದ್ದದ್ದು ಇಂಥದ್ದೊಂದನ್ನು. ಓಲೆ ಬೆಲ್ಲವಲ್ಲ, ಆದರೆ ಅದರ ತಂಗಿ. ಓಲೆ ಬೆಲ್ಲ ತಾಳೆಮರದ್ದು. ಇದು ಗುಲಾ ಮೆಲಾಕ, ಹೆಚ್ಚಾಗಿ ತೆಂಗಿನ ಹೊಂಬಾಳೆಯಿಂದ ಇಳಿಸಿದ ರಸವನ್ನು ಕುದಿಸಿ, ಬಿದಿರಿನ ಅಂಡೆಗೆ ಸುರಿದು ಆರಿಸಿದ ಬೆಲ್ಲ. ಅದಕ್ಕೇ ಅದರ ತುಂಡುಗಳು ಗಿಡ್ಡ ಕೋಲಿನಂತೆ ದುಂಡಗೆ ಇರುತ್ತವೆ. ಸಿಹಿಯ ಹಿಂದೆ ಸ್ವಲ್ಪ ಹೊಗೆ, ಸ್ವಲ್ಪ ಉಪ್ಪು. ಕಬ್ಬಿನ ಬೆಲ್ಲ ಹಾಕಿದರೆ ಚೆಂಡೋಲ್ ಬರಿಯ ಸಿಹಿನೀರಾಗುತ್ತದೆ. ಸಕ್ಕರೆಯ ಪಾಕಕ್ಕೆ ಬಣ್ಣ ಬೆರೆಸಿ ಮಾರುವವರೂ ಇದ್ದಾರೆ, ಅಂಥವರಲ್ಲಿಗೆ ಎರಡನೆಯ ಸಲ ಹೋಗಬಾರದು.

ಅಲ್ಲಿಂದ ಮುಂದೆ ಉಳಿದ ದಿನಗಳಲ್ಲಿ ಚಿಕ್ಕಪ್ಪ ಮನೆಯಲ್ಲಿ ಗಂಜಿ ಮತ್ತು ಹಪ್ಪಳದೊಂದಿಗೆ ಟಿ.ವಿ. ನೋಡುತ್ತಿದ್ದರು, ನಾನು ಮತ್ತು ಚಿಕ್ಕಮ್ಮ ತಿರುಗುತ್ತಿದ್ದೆವು. ಬೆಳಿಗ್ಗೆ ಏಳಕ್ಕೆ ನಾಸಿ ಲೆಮಾಕ್: ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ, ಸಾಂಬಾಲ್, ಹುರಿದ ಸಣ್ಣ ಒಣಮೀನು, ನೆಲಗಡಲೆ, ಬಾಳೆಲೆಯ ಪೊಟ್ಟಣದಲ್ಲಿ ಒಂದು ಮುಷ್ಟಿಯಷ್ಟು. 2024ರ ಡಿಸೆಂಬರಿನಲ್ಲಿ ಯುನೆಸ್ಕೊ ಮಲೇಷ್ಯಾದ ಬೆಳಗಿನ ತಿಂಡಿಯ ಸಂಸ್ಕೃತಿಯನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಸಿಂಗಪುರದ ಹಾಕರ್ ಸಂಸ್ಕೃತಿ, ಎಂದರೆ ಗಾಡಿ ಊಟದ ಸಂಸ್ಕೃತಿ, 2020ರಲ್ಲೇ ಸೇರಿದ್ದರಿಂದ ಪೆನಾಂಗಿನವರಿಗೆ ಅಷ್ಟು ದಿನ ಹೊಟ್ಟೆಯುರಿ ಇತ್ತು. ಆ ಜಗಳದಲ್ಲಿ ನಾನು ಪೆನಾಂಗಿನ ಪಕ್ಷ.

ಚಿಕ್ಕಮ್ಮನಿಗೆ ಹುಚ್ಚು ಹಿಡಿಸಿದ್ದು ಕುಯಿಗಳ ಗಾಡಿ. ಕುಯಿ ಎಂದರೆ ಅಕ್ಕಿ, ತೆಂಗು, ಬೆಲ್ಲದ ಸಣ್ಣ ಸಿಹಿತಿಂಡಿಗಳು. ಮಲಯ್ ಹೆಂಗಸರೂ ಮಾಡುತ್ತಾರೆ, ಚೀನೀ-ಮಲಯ್ ಬೆರೆತ ಮನೆತನಗಳ ನ್ಯೋನ್ಯಾ ಅಡುಗೆಯವರೂ ಮಾಡುತ್ತಾರೆ. ಒಂಡೆ-ಒಂಡೆ ಎಂಬ ಹಸಿರು ಉಂಡೆಯನ್ನು ಅವರು ಅರ್ಧ ಕಚ್ಚಿದಾಗ ಒಳಗಿನ ಕರಗಿದ ಬೆಲ್ಲ ಸೀರೆಯ ಮೇಲೆ ಚಿಮ್ಮಿತು. ಅದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು, ತುಟಿ ಮುಚ್ಚಿದ ಮೇಲೆ ಕಚ್ಚಬೇಕು ಎಂದು ಮೊದಲೇ ಹೇಳದಿದ್ದದ್ದು ನನ್ನ ತಪ್ಪು. ಶಂಖಪುಷ್ಪದ ರಸದಲ್ಲಿ ನೀಲಿಯಾದ ಅಂಟಕ್ಕಿಯ ತುಂಡನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ತುಳಸಿಕಟ್ಟೆಯ ಪಕ್ಕದ ಬಳ್ಳಿಯ ಹೂವು ಅನ್ನಕ್ಕೂ ಆಗುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಬಾಳೆಲೆಯ ಗೋಪುರದಂಥ ಕುಯಿ ಕೋಚಿಯನ್ನು ಬಿಚ್ಚಿ, ಒಳಗಿನ ಕಾಯಿ-ಬೆಲ್ಲದ ಹೂರಣ ಕಂಡೊಡನೆ ಗಾಡಿಯ ಹೆಂಗಸಿಗೆ ಕುಂದಾಪುರದ ಕನ್ನಡದಲ್ಲಿ ಏನೋ ಕೇಳಿದರು, ಆಕೆ ಮಲಯ್ ಭಾಷೆಯಲ್ಲಿ ಏನೋ ಹೇಳಿದಳು. ಇಬ್ಬರ ಕೈಗಳೂ ಎಲೆ ಮಡಚುವ ಅಭಿನಯ ಮಾಡುತ್ತಿದ್ದವು. ಐದು ನಿಮಿಷ ನನ್ನನ್ನು ಯಾರೂ ಕರೆಯಲಿಲ್ಲ.

ಹೊರಡುವಾಗ ಅವರು ಎರಡು ಕೋಲು ಗುಲಾ ಮೆಲಾಕ ಕೊಂಡು, ಅದೇ ಅಕ್ಕಿ ತಂದ ಸೂಟ್‌ಕೇಸಿನಲ್ಲಿ ಹಾಕಿದರು. ಚಿಕ್ಕಪ್ಪ ಊರಿಗೆ ಮರಳಿ, ಅಲ್ಲಿ ಐಸಿನಲ್ಲಿ ಹಸಿರು ಹುಳು ಹಾಕಿ ಕೊಡುತ್ತಾರೆ ಎಂದು ಬಸ್‌ಸ್ಟ್ಯಾಂಡಿನಿಂದ ದೇವಸ್ಥಾನದವರೆಗೆ ಹೇಳಿಕೊಂಡು ಬಂದದ್ದರಿಂದ ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಈಗ ಹಾವು, ಕಪ್ಪೆಗಳ ಜೊತೆಗೆ ಹುಳುವೂ ಸೇರಿದೆ. ಆ ವರ್ಷದ ನಾಗರಪಂಚಮಿಯ ದಿನ ಚಿಕ್ಕಮ್ಮ ಅರಿಶಿನ ಎಲೆಯ ಕಡುಬಿನ ಫೋಟೊ ಕಳುಹಿಸಿದರು, ಹಿಂದೆಯೇ ಫೋನ್ ಮಾಡಿದರು. ಹೂರಣಕ್ಕೆ ಹಾಕಿದ್ದು ಪೆನಾಂಗಿನ ಬೆಲ್ಲವಂತೆ. ಚಿಕ್ಕಪ್ಪ ಆರು ತಿಂದು, ಈ ಸಲದ ಓಲೆ ಬೆಲ್ಲ ಎಲ್ಲಿಯದು, ಬಹಳ ಚೆನ್ನಾಗಿದೆ ಎಂದರಂತೆ. ಮುಂದಿನ ಸಲ ಬರುವಾಗ ನಾಲ್ಕು ಕೋಲು ತರಬೇಕು, ಕಾಗದ ಬಿಚ್ಚಿ ತರಬೇಕು ಎಂದು ಹೇಳಿ ಇಟ್ಟರು.